ಎರಡು ಕಡಬಗಳ ನಡುವೆ ನಿಂತ ಗಾಡಿ

ನಮ್ಮೂರು ಕಡಬ ಅಂದ ಕೂಡಲೇ ಹಾಸ್ಟೆಲ್‌ನ ಪುತ್ತೂರು ಕಡೆ ಹುಡುಗರು "ಓ, ಕಡಬವಾ? ಎಲ್ಲಿ ಮಾರಾಯ ಮನೆ?" ಅಂತ ಖುಷಿಯಾಗಿ ಹತ್ತಿರ ಬರ್ತಾರೆ. "ಅದಲ್ಲ, ಗುಬ್ಬಿ ತಾಲ್ಲೂಕಿನ ಕಡಬ" ಅಂದ ಮೇಲೆ ಅಷ್ಟೇ ಬೇಗ ವಾಪಸ್ ಹೋಗ್ತಾರೆ. ಕರ್ನಾಟಕದಲ್ಲಿ ಎರಡು ಕಡಬ ಇವೆ. ಒಂದು ದಕ್ಷಿಣ ಕನ್ನಡದ್ದು. ಈಗ ಅದು ತಾಲ್ಲೂಕು ಕೇಂದ್ರ, ಕುಕ್ಕೆ ಸುಬ್ರಹ್ಮಣ್ಯ ಆ ತಾಲ್ಲೂಕಿಗೇ ಸೇರುತ್ತೆ. ಇನ್ನೊಂದು ನಮ್ಮದು, ಶಿಂಷಾ ನದಿಯ ದೊಡ್ಡ ಕೆರೆ ಇರೋ ಊರು. ಸೀತೆ ಕೇಳಿದಳು ಅಂತ ರಾಮ ಕಟ್ಟಿಸಿದ ಕೆರೆ ಅದು ಅಂತ ನಮ್ಮಜ್ಜಿ ಇವತ್ತಿಗೂ ಹೇಳ್ತಾಳೆ. ತೆಂಗು, ಅಡಿಕೆ, ರಾಗಿ ಬೆಳೆಯೋ ಊರು. ಕೆರೆ ಕೋಡಿ ಬಿದ್ದ ವರ್ಷ ಸಂಭ್ರಮ, ಬೀಳದಿದ್ದ ವರ್ಷ ಬೋರ್‌ವೆಲ್ ಲಾರಿ.

ಈ ಎರಡು ಕಡಬಗಳ ಮಧ್ಯೆ, ಶಿರಾಡಿ ಘಾಟಿಯಲ್ಲಿ, ಹೋದ ವರ್ಷ ಜನವರಿಯಲ್ಲಿ ನಮ್ಮನೆ ಕಾರಿನ ಗೇರ್‌ಬಾಕ್ಸ್ ಸುಟ್ಟುಹೋಯ್ತು. ಸ್ಟೀರಿಂಗ್ ಹಿಡಿದಿದ್ದವನು ನಾನು. ಆಗ ಮೆಕ್ಯಾನಿಕಲ್ ಐದನೇ ಸೆಮಿಸ್ಟರ್ ಮುಗಿಸಿದ್ದೆ. ಥರ್ಮೋಡೈನಮಿಕ್ಸ್‌ನಲ್ಲಿ ಒಳ್ಳೇ ಮಾರ್ಕ್ಸೇ ಬಂದಿತ್ತು ಅನ್ನೋದನ್ನ ಇಲ್ಲೇ ಹೇಳಿಬಿಡ್ತೀನಿ.

ಮೊದಲು ಆ ಕಾರು ನಮ್ಮನೆಗೆ ಯಾಕೆ ಬಂತು ಅಂತ ಹೇಳಬೇಕು. ನಮ್ಮಪ್ಪ ಪಕ್ಕದೂರಿನ ಹೈಸ್ಕೂಲಲ್ಲಿ ಲೆಕ್ಕದ ಮೇಷ್ಟ್ರು. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೋ ಬಂದು ಎಡಗಾಲು ಸೊರಗಿದೆ. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೋ ಶುರುವಾಗಿದ್ದು 1995ರಲ್ಲಿ. ಅಪ್ಪನಿಗೆ ಅದು ಇಪ್ಪತ್ತು ವರ್ಷ ತಡವಾಗಿ ಬಂತು. ಹಿಂದೆ ಎರಡು ಪಕ್ಕ ಚಕ್ರ ಹಾಕಿಸಿದ ಸ್ಕೂಟರ್‌ನಲ್ಲಿ ಅವರು ಹದಿನೆಂಟು ವರ್ಷ ಓಡಾಡಿದ್ರು. ಮಳೆ ಬಂದ್ರೆ ನೆನೆಯೋದು. ಸುಗ್ಗಿಯಲ್ಲಿ ಜನ ಹುರುಳಿ ತಂದು ಟಾರ್ ರಸ್ತೆ ಮೇಲೇ ಒಕ್ಕಣೆಗೆ ಹರಡಿದ್ರೆ ಆ ಪಕ್ಕದ ಚಕ್ರಕ್ಕೆ ಬಳ್ಳಿ ಸುತ್ತಿಕೊಳ್ಳೋದು. ಎರಡು ಸಲ ಬಿದ್ದಿದ್ದಾರೆ. ಎರಡು ಸಲವೂ ಮನೆಗೆ ಬಂದು ಪಂಚೆ ಬದಲಾಯಿಸಿಕೊಂಡು ಏನೂ ಆಗದ ಹಾಗೆ ಉತ್ತರ ಪತ್ರಿಕೆ ತಿದ್ದೋಕೆ ಕೂತಿದ್ರು.

ಕಾರು ಓಡಿಸೋಕೆ ಕ್ಲಚ್ ತುಳಿಯಬೇಕು, ಕ್ಲಚ್ ಇರೋದು ಎಡಗಾಲಿಗೆ. ಆಟೋಮ್ಯಾಟಿಕ್‌ನಲ್ಲಿ ಎರಡೇ ಪೆಡಲ್, ಎರಡಕ್ಕೂ ಬಲಗಾಲು ಸಾಕು. 2017ರಲ್ಲಿ ಬೆಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಗಾಡಿ ತಂದ್ವಿ. 2010ರ ಮಾಡೆಲ್, ಪೆಟ್ರೋಲ್, ನಾಲ್ಕು ಗೇರಿನ ಆಟೋಮ್ಯಾಟಿಕ್. ಊರಲ್ಲಿ "ಮೇಷ್ಟ್ರಿಗೆ ಶೋಕಿ ಬಂತು, ಗೇರೇ ಇಲ್ಲದ ಕಾರಂತೆ" ಅಂತ ಮಾತಾಡಿಕೊಂಡ್ರು. ಅಪ್ಪ ಒಂದು ವಾರದಲ್ಲಿ ಕಲಿತ್ರು. ಒಂದು ತಿಂಗಳಲ್ಲಿ ಅಮ್ಮನ್ನ ಕೂರಿಸಿಕೊಂಡು ಯಡಿಯೂರಿಗೆ ಹೋಗಿಬಂದ್ರು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಇಬ್ಬರೇ ಎಲ್ಲಿಗಾದ್ರೂ ಹೋಗಿದ್ದು ಅದೇ ಮೊದಲು ಅಂತ ಅಮ್ಮ ಆಮೇಲೆ ಯಾವಾಗಲೋ ಹೇಳಿದ್ಲು.

ಈಗ ಸ್ವಲ್ಪ ನಮ್ಮ ಸಬ್ಜೆಕ್ಟು. ಆಟೋಮ್ಯಾಟಿಕ್‌ನಲ್ಲಿ ಹಲವು ಜಾತಿ ಇವೆ. 2014ರಲ್ಲಿ ಸೆಲೆರಿಯೋ ಜೊತೆ ನಮ್ಮ ದೇಶಕ್ಕೆ ಬಂದ ಎಎಂಟಿ ಇದೆಯಲ್ಲ, ಅದರಲ್ಲಿ ಇರೋದು ಮಾಮೂಲಿ ಕ್ಲಚ್ಚು, ಮಾಮೂಲಿ ಗೇರು. ತುಳಿಯೋ ಕೆಲಸ ಮಾತ್ರ ಒಂದು ಆಕ್ಚುಯೇಟರ್ ಮಾಡುತ್ತೆ. ನಮ್ಮದು ಅದಕ್ಕಿಂತ ಹಳೇ ಜಾತಿ, ಟಾರ್ಕ್ ಕನ್ವರ್ಟರ್. ಇಲ್ಲಿ ಇಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಇರೋದು ಎಣ್ಣೆ.

ಮಜ್ಜಿಗೆ ಕಡೆಯೋದನ್ನ ನೋಡಿದವರಿಗೆ ಇದು ಸುಲಭ. ಕಡಗೋಲು ತಿರುಗಿದ್ರೆ ಮೊಸರು ತಿರುಗುತ್ತೆ, ಮೊಸರಿನ ಜೊತೆ ಗಡಿಗೆಯೂ ತಿರುಗೋಕೆ ನೋಡುತ್ತೆ. ಅದಕ್ಕೇ ಅಜ್ಜಿ ಗಡಿಗೆಯನ್ನ ಸಿಂಬೆ ಮೇಲಿಟ್ಟು ಪಾದದಲ್ಲಿ ಒತ್ತಿ ಹಿಡಿದಿರ್ತಾಳೆ. ಟಾರ್ಕ್ ಕನ್ವರ್ಟರ್‌ನಲ್ಲಿ ಕಡಗೋಲಿನ ಜಾಗದಲ್ಲಿ ಇಂಜಿನ್‌ಗೆ ಕಚ್ಚಿಕೊಂಡ ಇಂಪೆಲ್ಲರ್, ಗಡಿಗೆಯ ಜಾಗದಲ್ಲಿ ಗೇರ್‌ಬಾಕ್ಸ್‌ಗೆ ಕಚ್ಚಿಕೊಂಡ ಟರ್ಬೈನ್, ಮೊಸರಿನ ಜಾಗದಲ್ಲಿ ಎಟಿಎಫ್ ಅನ್ನೋ ಕೆಂಪು ಎಣ್ಣೆ. ಮಧ್ಯೆ ಸ್ಟೇಟರ್ ಅಂತ ಇನ್ನೊಂದು ಚಕ್ರ ಇದ್ದು ವಾಪಸ್ ಬರೋ ಎಣ್ಣೆಯ ದಿಕ್ಕು ತಿರುಗಿಸಿ ಟಾರ್ಕ್ ಹೆಚ್ಚಿಸುತ್ತೆ. ಗಾಡಿ ವೇಗ ಹಿಡಿದ ಮೇಲೆ ಲಾಕ್‌ಅಪ್ ಕ್ಲಚ್ ಇಂಪೆಲ್ಲರನ್ನೂ ಟರ್ಬೈನನ್ನೂ ಒಂದು ಮಾಡಿಬಿಡುತ್ತೆ, ಜಾರುವಿಕೆ ಇಲ್ಲ, ಬಿಸಿಯೂ ಇಲ್ಲ. ನಿಧಾನ ಹೋಗುವಾಗ ಮಾತ್ರ ಕಡಗೋಲು ಒಂದು ವೇಗದಲ್ಲಿ, ಗಡಿಗೆ ಇನ್ನೊಂದು ವೇಗದಲ್ಲಿ. ಆ ವ್ಯತ್ಯಾಸ ಪೂರ್ತಿ ಎಣ್ಣೆಯಲ್ಲಿ ಶಾಖವಾಗುತ್ತೆ. 1840ರ ದಶಕದಲ್ಲಿ ಜೂಲ್ ನೀರೊಳಗೆ ಹುಟ್ಟು ತಿರುಗಿಸಿ, ನೀರು ಎಷ್ಟು ಬಿಸಿಯಾಯ್ತು ಅಂತ ಅಳೆದಿದ್ದು ನೆನಪಿರಬೇಕಲ್ಲ, ಇದೂ ಅದೇ ಪ್ರಯೋಗ.

ತಮಾಷೆ ಅಂದ್ರೆ ಇದನ್ನ ಕಂಡುಹಿಡಿದಿದ್ದು ಕಾರಿಗಲ್ಲ. ಜರ್ಮನಿಯ ಹರ್ಮನ್ ಫೊಟಿಂಗರ್ 1905ರಲ್ಲಿ ಪೇಟೆಂಟ್ ತಗೊಂಡಿದ್ದು ಹಡಗಿಗೆ. ಹಡಗಿಗೆ ಸುತ್ತಲೂ ಸಮುದ್ರದ ತಣ್ಣೀರು ಇರುತ್ತೆ. ನಮ್ಮ ಗಾಡಿಗಿದ್ದಿದ್ದು ರೇಡಿಯೇಟರ್‌ನ ಕೆಳಗಿನ ಟ್ಯಾಂಕಿನೊಳಗೆ ಹಾಯಿಸಿದ ಒಂದು ಸಣ್ಣ ಕೊಳವೆ. ಎಣ್ಣೆ ಆ ಕೊಳವೆಯಲ್ಲಿ ಹಾದು, ಇಂಜಿನ್ ನೀರಿಗೆ ಶಾಖ ಕೊಟ್ಟು ವಾಪಸ್ ಬರಬೇಕು. ಅಂದ್ರೆ ರೇಡಿಯೇಟರ್ ಹಾಳಾದ್ರೆ ಇಂಜಿನ್ ಜೊತೆ ಗೇರ್‌ಬಾಕ್ಸೂ ಬೇಯುತ್ತೆ. ನಮ್ಮ ಮೀಟರ್‌ನಲ್ಲಿ ಇಂಜಿನ್ ಬಿಸಿ ತೋರಿಸೋ ಮುಳ್ಳು ಇತ್ತು, ಗೇರ್‌ಬಾಕ್ಸ್ ಎಣ್ಣೆಯ ಬಿಸಿ ತೋರಿಸೋದು ಏನೂ ಇರಲಿಲ್ಲ.

ಘಾಟಿಗಿಂತ ಹತ್ತು ತಿಂಗಳು ಹಿಂದೆ, ಯುಗಾದಿಗೆ ಮನೆಗೆ ಹೋಗಿದ್ದೆ. ಅಪ್ಪ ಬಾನೆಟ್ ಎತ್ತಿ, ಇಂಜಿನ್ ಆನ್ ಇಟ್ಟು, ಡಿಪ್‌ಸ್ಟಿಕ್ ಎಳೆದು ಬಿಳೀ ಬಟ್ಟೆಗೆ ಒರೆಸಿ ನನ್ನ ಮೂಗಿನ ಹತ್ರ ಹಿಡಿದ್ರು. ಕೆಂಪು ಇರಬೇಕಾದ ಎಣ್ಣೆ ಕಾಫಿ ಕಷಾಯದ ಬಣ್ಣಕ್ಕೆ ತಿರುಗಿತ್ತು.

"ಸುಟ್ಟ ವಾಸನೆ ಬರ್ತಿಲ್ವೇನೋ? ಎರಡರಿಂದ ಮೂರಕ್ಕೆ ಬೀಳುವಾಗ ಒಂದು ಜಗ್ಗು ಬೇರೆ ಜಗ್ಗುತ್ತೆ. ಈ ಎಣ್ಣೆ ಬದಲಾಯಿಸಬೇಕೇನೋ ಅಂತ."

ನಾನು ಮೊಬೈಲಲ್ಲಿ ಹತ್ತು ನಿಮಿಷ ಹುಡುಕಿ ತೀರ್ಪು ಕೊಟ್ಟೆ. "ಬೇಡ ಅಪ್ಪ. ಇದು ಲೈಫ್‌ಟೈಮ್ ಫ್ಲೂಯಿಡ್. ಅಲ್ಲದೆ ಹಳೇ ಗಾಡಿಗೆ ಹೊಸ ಎಣ್ಣೆ ಹಾಕಿದ್ರೆ ಗೇರ್‌ಬಾಕ್ಸ್ ನಿಂತೇ ಹೋಗುತ್ತೆ ಅಂತಾರೆ. ಸುಮ್ನೆ ಐದಾರು ಸಾವಿರ ದಂಡ."

ಅಪ್ಪ ಬಟ್ಟೆ ಮಡಚಿ ಜೇಬಲ್ಲಿಟ್ಟುಕೊಂಡು "ಸರಿ ಬಿಡು" ಅಂದ್ರು. ದೀಪಾವಳಿಗೆ ಹೋದಾಗ ಇನ್ನೊಂದು ಸಲ ಕೇಳಿದ್ರು. ನಾನು ಇನ್ನೊಂದು ಸಲ ಅದೇ ಹೇಳಿದೆ.

ಹಳೇ ಗಾಡಿಯ ವಿಷಯದಲ್ಲಿ ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಕ್ಲಚ್ ಪ್ಲೇಟ್ ಈಗಾಗಲೇ ಸವೆದುಹೋಗಿದ್ರೆ ಹೊಸ ಎಣ್ಣೆ ಅದನ್ನ ವಾಪಸ್ ತರಲ್ಲ. ಹೇಗೂ ಸಾಯ್ತಿದ್ದ ಗೇರ್‌ಬಾಕ್ಸ್ ಎಣ್ಣೆ ಬದಲಾಯಿಸಿದ ವಾರದಲ್ಲಿ ಸತ್ರೆ ಅಪವಾದ ಎಣ್ಣೆಗೆ. ಆದರೆ "ಲೈಫ್‌ಟೈಮ್" ಅಂದ್ರೆ ಯಾರ ಲೈಫು ಅಂತ ನಾನು ಕೇಳಿಕೊಳ್ಳಲಿಲ್ಲ. ಗೇರ್‌ಬಾಕ್ಸ್ ಕೆಲಸದವರಲ್ಲಿ ಒಂದು ಹಳೇ ಅಂದಾಜು ಇದೆ: ಎಣ್ಣೆಯ ಬಿಸಿ 80 ಡಿಗ್ರಿ ದಾಟಿದ ಮೇಲೆ ಪ್ರತಿ ಹತ್ತು ಡಿಗ್ರಿಗೂ ಅದರ ಆಯಸ್ಸು ಅರ್ಧ. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ನಾವು ಗ್ರಾಫ್ ಹಾಕಿದ ಅರ್ರೇನಿಯಸ್ ಸಮೀಕರಣದ ಗ್ಯಾರೇಜ್ ರೂಪ ಇದು. 120ಕ್ಕೆ ಹೋದ್ರೆ ಹದಿನಾರರಲ್ಲಿ ಒಂದು ಪಾಲು ಮಾತ್ರ ಉಳೀತು. ನಮ್ಮ ಗಾಡಿಯ ಬದುಕು ನೋಡಿ: ವಾರಕ್ಕೊಮ್ಮೆ ಡಿಕ್ಕಿ ತುಂಬ ಕೊಬ್ಬರಿ ಮೂಟೆ ಹೇರಿಕೊಂಡು ತಿಪಟೂರು ಮಾರ್ಕೆಟ್‌ಗೆ, ಉಳಿದ ದಿನ ಗುಂಡಿ ರಸ್ತೆಯಲ್ಲಿ ಶಾಲೆಗೆ, ಬೇಸಿಗೆಯಲ್ಲಿ ಕೆಂಡದಂಥ ಬಿಸಿಲು.

ಆಶ್ಲೇಷ ಬಲಿ ಮಾಡಿಸೋ ಹರಕೆ ಅಜ್ಜಿದು. ತುರುವೇಕೆರೆ, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ ದಾಟಿ ಘಾಟಿ ಇಳಿದು ಗುಂಡ್ಯದ ಮೇಲೆ ಕುಕ್ಕೆಗೆ ಹೋದ್ವಿ. ಹೋಗುವಾಗ ಅಪ್ಪನೇ ಓಡಿಸಿದ್ರು. ಪೂಜೆ ಆಯ್ತು, ಊಟ ಆಯ್ತು. ಕಡಬ ಅಂತ ಬರೆದಿದ್ದ ಒಂದು ಬೋರ್ಡಿನ ಕೆಳಗೆ ಅಜ್ಜಿಯನ್ನ ನಿಲ್ಲಿಸಿ ಫೋಟೋ ತೆಗೆದೆ. "ಅಯ್ಯೋ, ಊರು ಬಂದೇಬಿಡ್ತಾ?" ಅಂತ ಅಜ್ಜಿ ನಕ್ಕಿದ್ದೇ ನಕ್ಕಿದ್ದು. ವಾಪಸ್ ಬರುವಾಗ ಅಪ್ಪನಿಗೆ ಸುಸ್ತಾಗಿತ್ತು, ನಾನು ಸ್ಟೀರಿಂಗ್ ತಗೊಂಡೆ. ಐದು ಜನ, ಲಗೇಜು, ಅಮ್ಮ ದಾರಿಯಲ್ಲಿ ಕೊಂಡ ಎರಡು ಹಲಸಿನಕಾಯಿ.

ಗುಂಡ್ಯದಿಂದ ಮೇಲಕ್ಕೆ ಏರು ಶುರುವಾದ ಸ್ವಲ್ಪ ಹೊತ್ತಿಗೆ ಜಾಮ್. ಮೇಲೆಲ್ಲೋ ಲಾರಿ ಕೆಟ್ಟು ನಿಂತಿದೆ ಅಂದ್ರು. ನಮ್ಮ ಮುಂದೆ ಗ್ಯಾಸಿನ ಬುಲೆಟ್ ಟ್ಯಾಂಕರ್, ಹಿಂದೆ ಬಸ್ಸು. ಹತ್ತು ಅಡಿ ಹೋಗೋದು, ನಿಲ್ಲೋದು. ಏರಿನಲ್ಲಿ ನಿಂತಾಗ ನಾನು ಬ್ರೇಕ್ ಹಿಡೀತಿರಲಿಲ್ಲ. ಗಾಡಿಯನ್ನ ಡಿ-ಯಲ್ಲೇ ಇಟ್ಟು, ಆಕ್ಸಿಲರೇಟರನ್ನ ಒಂಚೂರು ಒತ್ತಿ, ಹಿಂದಕ್ಕೂ ಬರದ ಮುಂದಕ್ಕೂ ಹೋಗದ ಹಾಗೆ ನಿಲ್ಲಿಸ್ತಿದ್ದೆ. ಅದೊಂದು ಕಲೆ ಅನ್ನಿಸಿತ್ತು.

"ಎನ್‌ಗೆ ಹಾಕಿ ಬ್ರೇಕ್ ಹಿಡಿಯೋ," ಅಂದ್ರು ಅಪ್ಪ.

"ಏನಾಗಲ್ಲ ಅಪ್ಪ. ನಡುವೆ ಇರೋದು ಎಣ್ಣೆ, ಸವೆಯೋಕೆ ಏನಿದೆ ಅದರಲ್ಲಿ?"

ಲೆಕ್ಕ ಮಾಡೋಣ. ಅಂಥ ಏರಲ್ಲಿ ತುಂಬಿದ ಗಾಡಿಯನ್ನ ಹಾಗೆ ಹಿಡಿದು ನಿಲ್ಲಿಸೋಕೆ ಇಂಜಿನ್ ಸುಮಾರು 3 ಕಿಲೋವ್ಯಾಟ್ ಕೊಡ್ತಿತ್ತು ಅಂತ ಇಟ್ಟುಕೊಳ್ಳಿ. ಚಕ್ರ ತಿರುಗ್ತಿಲ್ಲ, ಅಂದ್ರೆ ಹೊರಗೆ ಬಂದ ಕೆಲಸ ಸೊನ್ನೆ. ಅಜ್ಜಿ ಗಡಿಗೆ ಒತ್ತಿ ಹಿಡಿದ ಹಾಗೆ ಟರ್ಬೈನ್ ನಿಂತಿದೆ, ಕಡಗೋಲು ಮಾತ್ರ ಕಡೀತಾ ಇದೆ. 3 ಕಿಲೋವ್ಯಾಟೂ ಎಣ್ಣೆಗೇ. ಬಚ್ಚಲುಮನೆಯ ದೊಡ್ಡ ಗೀಸರ್ ಅಷ್ಟು ಅದು, ಆದರೆ ಒಳಗಿರೋದು ಆರು ಲೀಟರ್ ಎಣ್ಣೆ, ತೂಕದಲ್ಲಿ ಸುಮಾರು 5 ಕೆಜಿ. ಎಣ್ಣೆಯ ವಿಶಿಷ್ಟೋಷ್ಣ ಕೆಜಿಗೆ 2 ಕಿಲೋಜೂಲ್ ಅಂದ್ರೆ ಒಂದು ಡಿಗ್ರಿ ಏರೋಕೆ 10 ಕಿಲೋಜೂಲ್ ಸಾಕು. ನಿಮಿಷಕ್ಕೆ ಹದಿನೆಂಟು ಡಿಗ್ರಿ. ಸುತ್ತಲಿನ ಲೋಹ ಸ್ವಲ್ಪ ಶಾಖ ಹೀರಿಕೊಳ್ಳುತ್ತೆ, ಕೂಲರ್ ಸ್ವಲ್ಪ ಹೊರಗೆ ಹಾಕುತ್ತೆ, ನಿಜ. ನಾನು ಈ ಕಲೆ ತೋರಿಸಿದ್ದು ಒಂದು ಗಂಟೆ ಇಪ್ಪತ್ತು ನಿಮಿಷ.

ಮ್ಯಾನ್ಯುಯಲ್ ಗಾಡಿಯಲ್ಲಿ ಇದೇ ತಪ್ಪಿಗೆ ಹಾಫ್ ಕ್ಲಚ್ ಅಂತಾರೆ. ಅಲ್ಲಿ ಐದು ನಿಮಿಷಕ್ಕೆ ಕ್ಲಚ್ ಪ್ಲೇಟ್ ವಾಸನೆ ಬಂದು ಪಕ್ಕದ ಗಾಡಿಯವನೂ ಬೈತಾನೆ. ಇಲ್ಲಿ ಎಣ್ಣೆ ಎಲ್ಲವನ್ನೂ ನುಂಗಿಕೊಂಡು ಸುಮ್ಮನಿರುತ್ತೆ. ಅದೇ ಎಣ್ಣೆಯೇ ಒತ್ತಡ ಕೊಟ್ಟು ಒಳಗಿನ ಕ್ಲಚ್ ಪ್ಯಾಕ್‌ಗಳನ್ನ ಒತ್ತಿ ಹಿಡಿಯಬೇಕು. ಬಿಸಿಯಾಗಿ ತೆಳುವಾದ್ರೆ ಒತ್ತಡ ಬೀಳುತ್ತೆ, ಒತ್ತಡ ಬಿದ್ರೆ ಪ್ಲೇಟ್ ಜಾರುತ್ತೆ, ಜಾರಿದ್ರೆ ಇನ್ನಷ್ಟು ಬಿಸಿ.

ಓ/ಡಿ ಅನ್ನೋ ಸಣ್ಣ ದೀಪ ಮಿನುಗೋಕೆ ಶುರುವಾಯ್ತು. ಟ್ಯಾಂಕರ್ ಹೊರಟಿತು, ನಾನು ಒತ್ತಿದೆ. ಇಂಜಿನ್ ನಾಲ್ಕು ಸಾವಿರಕ್ಕೆ ಕೂಗಿತು, ಗಾಡಿ ಹಿಂದಕ್ಕೆ ಜಾರಿತು. ಬ್ರೇಕ್ ಹೊಡೆದೆ. ಸುಟ್ಟ ಹೀರೇಕಾಯಿ ಥರದ್ದೊಂದು ವಾಸನೆ. ಹಿಂದಿನ ಬಸ್ಸಿನವನ ಹಾರನ್ನು ಈಗಲೂ ಕಿವಿಯಲ್ಲಿದೆ.

ಜನ ಸೇರಿ ಪಕ್ಕಕ್ಕೆ ತಳ್ಳಿದ್ರು. ಒಬ್ಬ ಪಿಕಪ್ ಗಾಡಿಯವರು ಹಗ್ಗ ಹಿಡಿದುಕೊಂಡು ಬಂದು "ಕಟ್ಟಿ ಸಾರ್, ಸಕಲೇಶಪುರಕ್ಕೆ ಬಿಡ್ತೀನಿ" ಅಂದ್ರು. ನಾನು ಹಗ್ಗ ಕೈಗೆ ತಗೊಂಡೂ ಆಗಿತ್ತು.

"ಬೇಡ," ಅಂದ್ರು ಅಪ್ಪ. "ಆಟೋಮ್ಯಾಟಿಕ್ಕನ್ನ ಹಗ್ಗ ಕಟ್ಟಿ ಎಳೀಬಾರದು. ಆಯಿಲ್ ಪಂಪ್ ತಿರುಗೋದು ಇಂಜಿನ್‌ನಿಂದ. ಇಂಜಿನ್ ಆಫ್ ಇದ್ದು ಚಕ್ರ ತಿರುಗಿದ್ರೆ ಒಳಗೆ ಎಣ್ಣೆ ಹೋಗಲ್ಲ, ಉಳಿದಿರೋದೂ ಹಾಳಾಗುತ್ತೆ. ಗಾಡಿ ಮೇಲೆ ಹೇರಿಕೊಂಡು ಹೋಗೋ ಟೋ ಲಾರಿ ಕರೆಸಬೇಕು."

ಪಿಕಪ್ಪಿನವರು "ಮೇಷ್ಟ್ರು ತಿಳಿದವರು" ಅಂತ ಹೊರಟುಹೋದ್ರು. ಟೋ ಲಾರಿ ಬರೋಕೆ ಮೂರು ಗಂಟೆ ಆಯ್ತು. ಅಪ್ಪ ಆ ಏರು ರಸ್ತೆಯಲ್ಲಿ ಕ್ಯಾಲಿಪರ್ ಹಾಕಿದ ಕಾಲೆಳೆದುಕೊಂಡು ನಡೆದು ಒಂದು ಮೋರಿ ಕಟ್ಟೆ ಮೇಲೆ ಕೂತ್ರು. ಅಜ್ಜಿ ಮಾತ್ರ ಖುಷಿಯಾಗೇ ಇದ್ಲು. ಹೋಗ್ತಾ ಕೆಡದೆ ಬರ್ತಾ ಕೆಟ್ಟಿದ್ದು ಸುಬ್ಬಪ್ಪನ ದಯೆ ಅಂತೆ.

ರಾತ್ರಿ ಸಕಲೇಶಪುರದ ಲಾಡ್ಜಿನಲ್ಲಿ ನಿದ್ದೆ ಬರಲಿಲ್ಲ. ಇನ್ಶೂರೆನ್ಸ್ ನಂಬರ್ ಹುಡುಕೋಕೆ ಡ್ಯಾಶ್‌ಬೋರ್ಡಿನ ಪೇಪರೆಲ್ಲ ತಂದಿದ್ದೆ, ಅದರಲ್ಲಿ ಓನರ್ಸ್ ಮ್ಯಾನ್ಯುಯಲ್ ಇತ್ತು. ಸರ್ವಿಸ್ ಪಟ್ಟಿಯ ಪುಟದಲ್ಲಿ ಎರಡು ಭಾಗ. ಒಂದು ಸಾಮಾನ್ಯ ಬಳಕೆಗೆ, ಅದರಲ್ಲಿ ಎಟಿಎಫ್ ಬದಲಾಯಿಸೋ ಮಾತಿಲ್ಲ. ಇನ್ನೊಂದು ಕಠಿಣ ಬಳಕೆಗೆ: ಹೆಚ್ಚು ಭಾರ, ಧೂಳು, ಬಿಸಿಲು, ಬೆಟ್ಟದ ರಸ್ತೆ. ಅದರಲ್ಲಿ ಕಿಲೋಮೀಟರ್ ಲೆಕ್ಕ ಸ್ಪಷ್ಟವಾಗಿತ್ತು. ಅಪ್ಪ ಆ ಸಾಲಿಗೆ ಪೆನ್ಸಿಲ್‌ನಲ್ಲಿ ಗೀಟು ಹಾಕಿದ್ರು. ಪಕ್ಕದಲ್ಲಿ ಯುಗಾದಿಯ ಹಿಂದಿನ ವಾರದ ತಾರೀಕು, ಅದರ ಕೆಳಗೆ ಅವರ ದುಂಡು ಅಕ್ಷರದಲ್ಲಿ "ಮಗ ಬಂದಾಗ ಕೇಳುವುದು". ಪುಸ್ತಕ ಪೂರ್ತಿ ಓದಿದ್ರು. ಎಳೆಯೋ ಪುಟಕ್ಕೂ ಗೀಟಿತ್ತು.

ತುಮಕೂರಿನ ಗ್ಯಾರೇಜಿಗೆ ತಂದ್ವಿ. ಆಟೋಮ್ಯಾಟಿಕ್ ಬಿಚ್ಚೋರು ನಮ್ಮ ಕಡೆ ಕಮ್ಮಿ. ಅಲ್ಲಿನ ಭಾಯ್ ಮೊದಲು ನೋಡಿದ್ದು ಎಣ್ಣೆ ರೋಸ್ ಮಿಲ್ಕ್ ಬಣ್ಣಕ್ಕೆ ತಿರುಗಿದೆಯಾ ಅಂತ. ರೇಡಿಯೇಟರ್ ಒಳಗಿನ ಕೊಳವೆ ತೂತಾಗಿ ನೀರು ಬೆರೆತರೆ ಹಾಗಾಗುತ್ತಂತೆ. ನಮ್ಮದು ಹಾಗಿರಲಿಲ್ಲ, ಟಾರಿನಷ್ಟು ಕಪ್ಪು. ಆಯಿಲ್ ಪ್ಯಾನ್‌ನ ಮ್ಯಾಗ್ನೆಟ್ ಮೇಲೆ ಕಬ್ಬಿಣದ ಪುಡಿ ಮೀಸೆ ಥರ ನಿಂತಿತ್ತು. ಕ್ಲಚ್ ಪ್ಲೇಟ್‌ಗಳ ಮೇಲಿನ ಲೈನಿಂಗ್ ಉದುರಿ ಬರೀ ಉಕ್ಕಿನ ಬಳೆ ಉಳಿದಿತ್ತು. ನಾನು ಜಾಮಿನ ಕತೆ ಹೇಳಿದೆ.

"ಒಂದು ದಿನದಲ್ಲಿ ಹಿಂಗಾಗಲ್ಲ," ಅಂದ್ರು ಭಾಯ್. "ಇದು ವರ್ಷದಿಂದ ಹೇಳ್ತಾ ಬಂದಿದೆ, ನೀವ್ಯಾರೂ ಕೇಳಿಲ್ಲ."

ಆಮೇಲೆ ರೇಡಿಯೇಟರ್‌ನ ಕೆಳಗಿನ ಟ್ಯಾಂಕ್ ಬಿಚ್ಚಿ ತೋರಿಸಿದ್ರು. ಕೊಳವೆ ಸುತ್ತ ಬಿಳೀ ಗಾರೆ ಹಾಕಿದ ಹಾಗೆ ಉಪ್ಪು ಕಟ್ಟಿತ್ತು. ನಮ್ಮ ಬೋರ್‌ವೆಲ್ ನೀರಲ್ಲಿ ಬೇಳೆ ಬೇಯಲ್ಲ ಅಂತ ಅಮ್ಮ ದಿನಾ ಗೊಣಗ್ತಾಳೆ. ಆ ನೀರನ್ನ ಕೂಲೆಂಟ್ ಬದಲು ಸುರಿದವರು ಯಾರು ಅಂತ ಭಾಯ್ ಕೇಳಲಿಲ್ಲ. ರಜೆಗೆ ಹೋದಾಗೆಲ್ಲ ಗಾಡಿ ತೊಳೆದು ಒಂದು ಚೊಂಬು ನೀರು ಹಾಕ್ತಿದ್ದವನು ನಾನೇ.

ಹೊಸ ಗೇರ್‌ಬಾಕ್ಸಿನ ಬೆಲೆ ಗಾಡಿಯ ಬೆಲೆಗಿಂತ ಜಾಸ್ತಿ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹಳೇದು ಸಿಗುತ್ತೆ, ಆದರೆ ಅದರ ಎಣ್ಣೆ ಯಾರು ಬದಲಾಯಿಸಿದ್ರೋ. ಕೊನೆಗೆ ಇದನ್ನೇ ರಿಪೇರಿ ಮಾಡೋದು ಅಂತಾಯ್ತು. ಸಾಮಾನು ಬರೋದು, ತಪ್ಪು ಸೈಜು ಅಂತ ವಾಪಸ್ ಹೋಗೋದು, ಹೀಗೆ ನಾಲ್ಕೂವರೆ ತಿಂಗಳು.

ಆ ನಾಲ್ಕೂವರೆ ತಿಂಗಳ ಬಗ್ಗೆ ಹೆಚ್ಚು ಬರೆಯೋಕೆ ನನಗೆ ಆಗಲ್ಲ. ಸ್ಕೂಟರ್ ಆಗಲೇ ಮಾರಿದ್ವಿ. ನಮ್ಮ ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಅಂತ ಯಾವತ್ತಾದ್ರೂ ಗಮನಿಸಿದ್ದೀರಾ? ಅಪ್ಪ ಕಂಬಿ ಹಿಡಿದು, ಎಡಗಾಲನ್ನ ಕೈಯಲ್ಲಿ ಎತ್ತಿಟ್ಟು ಹತ್ತಬೇಕು. ಅಷ್ಟು ಹೊತ್ತು ಬಸ್ಸು ನಿಂತ್ರೆ ಒಳಗಿನವರು ಕಿಟಕಿಯಿಂದ ನೋಡ್ತಾರೆ. ಕೆಲವು ದಿನ ಇನ್ನೊಬ್ಬ ಮೇಷ್ಟ್ರ ಬೈಕಲ್ಲಿ ಹೋಗಿಬಂದ್ರು. ಗುಬ್ಬಿಯಲ್ಲಿ ಸೋದರಮಾವನ ಮಗಳ ಮದುವೆಗೆ "ಪೇಪರ್ ವ್ಯಾಲ್ಯುಯೇಷನ್ ಇದೆ" ಅಂತ ಹೋಗಲಿಲ್ಲ. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಫೋನ್ ಮಾಡಿದಾಗೆಲ್ಲ ಕೇಳ್ತಿದ್ದಿದ್ದು ಇಂಟರ್ನಲ್ಸ್ ಹೇಗಾಯ್ತು ಅಂತ.

ಶನಿವಾರ ಭಾನುವಾರ ನಾನು ಆ ಗ್ಯಾರೇಜಲ್ಲಿ ಕೂರೋಕೆ ಶುರುಮಾಡಿದೆ. ಭಾಯ್ ಮೊದಲು ನನ್ನ ಕೈಗೆ ಸೀಮೆಎಣ್ಣೆ ಡಬ್ಬ ಕೊಟ್ರು. ಎರಡು ವಾರ ಆದ ಮೇಲೆ ವಾಲ್ವ್ ಬಾಡಿ ಕೊಟ್ರು. ಎರಡು ಅಂಗೈ ಅಗಲದ ಅಲ್ಯೂಮಿನಿಯಂ ತಟ್ಟೆ, ಅದರ ತುಂಬ ಗೆದ್ದಲು ಕೊರೆದ ಹಾಗೆ ಕಾಲುವೆಗಳು. ಎಲ್ಲಿ ಒತ್ತಡ ಏರಿದ್ರೆ ಯಾವ ಕವಾಟ ಸರಿದು ಯಾವ ಕ್ಲಚ್‌ಗೆ ಎಣ್ಣೆ ಹೋಗಬೇಕು ಅನ್ನೋದೆಲ್ಲ ಅದರಲ್ಲೇ ಇದೆ. ಒಂದು ದಿನ ಅಪ್ಪ ನೋಡೋಕೆ ಬಂದ್ರು. ಕನ್ನಡಕ ಏರಿಸಿ ತುಂಬ ಹೊತ್ತು ನೋಡಿ, "ಮಾರ್ಕೋನಹಳ್ಳಿ ಸೈಫನ್ ಥರ ಅಲ್ವೇನೋ ಇದು" ಅಂದ್ರು. ನಮ್ಮ ಕೆರೆ ದಾಟಿದ ಶಿಂಷಾ ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಹೋಗುತ್ತೆ. ಅಲ್ಲಿ ನೀರು ಮಟ್ಟ ಮುಟ್ಟಿದ್ರೆ ಯಾರೂ ಗೇಟ್ ಎತ್ತದೇ ಸೈಫನ್ ತಾನೇ ಎಳೆದು ಹೊರಗೆ ಹಾಕುತ್ತೆ. ಚಿಕ್ಕವನಿದ್ದಾಗ ಅದನ್ನ ತೋರಿಸೋಕೆ ಅಪ್ಪ ನನ್ನನ್ನ ಸ್ಕೂಟರಲ್ಲಿ ಕರ್ಕೊಂಡು ಹೋಗಿದ್ರು. ನಾನು ಇಂಜಿನಿಯರಿಂಗ್ ಸೇರಬೇಕು ಅಂತ ಹೊಳೆದಿದ್ದು ಬಹುಶಃ ಅವತ್ತೇ.

"ಅದಕ್ಕೂ ಹೂಳು ತೆಗೀಲಿಲ್ಲ ಅಂದ್ರೆ ಕಷ್ಟವೇ," ಅಂದೆ. ಅಪ್ಪ ನಕ್ಕರು. ಘಾಟಿಯಾದ ಮೇಲೆ ನಾವಿಬ್ಬರೂ ಸೇರಿ ನಕ್ಕಿದ್ದು ಅದೇ ಮೊದಲು.

ಗಾಡಿ ಜೂನ್‌ನಲ್ಲಿ ಬಂತು. ಹೊಸ ಕ್ಲಚ್ ಪ್ಯಾಕು, ಹೊಸ ರೇಡಿಯೇಟರು, ಅದರ ಮುಂದೆ ಗಾಳಿಗೆ ಒಡ್ಡಿದ ಬೇರೆಯದೇ ಒಂದು ಆಯಿಲ್ ಕೂಲರ್. ಖರ್ಚು ಎಷ್ಟಾಯ್ತು ಅಂತ ಅಪ್ಪ ಇವತ್ತಿಗೂ ಹೇಳಿಲ್ಲ, ಆ ವರ್ಷದ ಕೊಬ್ಬರಿ ಪೂರ್ತಿ ಹೋಗಿದೆ ಅನ್ನೋದು ಅಮ್ಮನ ಬಾಯಿಂದ ಗೊತ್ತಾಯ್ತು. ಮನೆ ಕ್ಯಾಲೆಂಡರ್‌ನಲ್ಲಿ ಈಗ ಹಾಲಿನ ಲೆಕ್ಕದ ಪಕ್ಕ "ಎಟಿಎಫ್ ನೋಡಿದೆ, ಕೆಂಪು" ಅಂತ ತಿಂಗಳಿಗೊಂದು ಸಲ ಇರುತ್ತೆ.

ಮುಂದಿನ ತಿಂಗಳು ಮತ್ತೆ ಕುಕ್ಕೆಗೆ ಹೋಗೋದಿದೆ. ಗಾಡಿ ಸರಿಯಾದ್ರೆ ಬರ್ತೀವಿ ಅಂತ ಅಜ್ಜಿ ಆ ಮೋರಿ ಕಟ್ಟೆ ಹತ್ತಿರ ನಿಂತೇ ಇನ್ನೊಂದು ಹರಕೆ ಹೊತ್ತುಬಿಟ್ಟಿದ್ಲಂತೆ. ನಿನ್ನೆ ರಾತ್ರಿ ಅಪ್ಪ ಫೋನ್ ಮಾಡಿದ್ರು.

"ಬರುವಾಗ ಒಂದು ಲೀಟರ್ ಕೂಲೆಂಟ್ ತಗೊಂಡು ಬಾ, ಇಲ್ಲಿ ಖಾಲಿಯಾಗಿದೆ. ಹಾಸನದ ತನಕ ನೀನು ಓಡಿಸು. ಘಾಟಿ, ಹೋಗ್ತಾನೂ ಬರ್ತಾನೂ, ನಾನು ನೋಡ್ಕೋತೀನಿ. ನೀನು ಹಿಂದೆ ಅಜ್ಜಿ ಪಕ್ಕ ಕೂತ್ಕೋ."

"ಸರಿ ಅಪ್ಪ," ಅಂದೆ.